ನನ್ನ ನಂಬರಿನಾಂವ

ನಲ್ವತ್ತು ದಾಟಿದ್ರ ರೊಟ್ಟಿ ಮುರೀತಾವ.
ಇದು ನನ್ನ ಕಾನೂನು, ಸರಕಾರದ್ದಲ್ಲ.
ಹಡಪಸರದಿಂದ ಮಗರಪಟ್ಟಿ, ಅಲ್ಲಿಂದ ಕೇಶವನಗರ,
ಮುಂದ ಕಾಲಾಗ ಖಡಕ್ ರೊಟ್ಟಿ ಡಬ್ಬಿ,
ಹಿಂದ ಶೇಂಗಾ ಹಿಂಡಿ, ಅಗಸಿ ಹಿಂಡಿ.
ಗುಂಡಿ ಬಂದ್ರ ಗಾಡಿನ
ಬಸುರಿ ಕೈ ಹಿಡದು ನಡಸಿಧಂಗ ನಡಸತೀನಿ.

ಅಂಥಾಕಿಗೆ ಶ್ರಾವಣದಾಗ ಒಂದು ಮೆಸೇಜು:
ಖಂಬಾಟ್ಕಿ ಘಾಟು, ರಾತ್ರಿ ಹನ್ನೊಂದು ನಲ್ವತ್ತು,
ವೇಗ ತೊಂಬತ್ತಾರು, ದಂಡ ಒಂದು ಸಾವಿರ.
ಒಂದು ಸಾವಿರ ಅಂದ್ರ ನೂರು ರೊಟ್ಟಿ.
ಹನ್ನೊಂದು ನಲ್ವತ್ತಕ್ಕ ನಾನು
ನಾಳಿನ ಹಿಟ್ಟು ಜರಡಿ ಹಿಡೀತಿದ್ದೆ.
ಸಾಕ್ಷಿ? ಜರಡಿ.

ಬಾಜೂ ಮನಿ ತೇಜಲ್ ಫೋಟೋ ತಗದು ತೋರಿಸಿದಳು.
ಬೂದಿ ಬಣ್ಣದ ಸ್ಕೂಟರು. ನಂಬರು ನಂದ, ಅಂಕಿಗೆ ಅಂಕಿ.
ಹೆಲ್ಮೆಟ್ಟಿನಾಗ ಮುಖ ಕಾಣವಲ್ದು.
ಹಿಂದೊಬ್ಬಾಕಿ, ಓಢಣಿ ಗಾಳಿಗೆ ಬಿಟ್ಟು
ಅವನ ಬೆನ್ನಿಗೆ ಗಲ್ಲ ಹಚ್ಚಿ ಕುಂತಾಳ.
'ಕಾಕೂ, ಯಾರಿಂವ?' ಅಂತ ತೇಜಲ್ ನಕ್ಕಳು.
ನನಗೇನು ಗೊತ್ತವಾ, ನನ್ನ ನಂಬರಿನಾಂವ.

ಚೌಕಿಗೆ ಹೋದೆ. ಧುಮಾಳ ಹವಾಲ್ದಾರ
ಅರ್ಧ ಚಹಾ ಕುಡದು ಅರ್ಧ ಬಶಿಯಾಗ ಬಿಟ್ಟಿದ್ದ.
ಸಾಹೇಬ್ರ, ಈ ವೇಗಕ್ಕ ರೊಟ್ಟಿ ನುಚ್ಚಾಗತಾವ ಅಂದೆ.
ಖರೇ ಅನ್ನಿಸಲಿ ಅಂತ ಒಂದು ಕಟ್ಟು ಬಿಚ್ಚಿದೆ.
ಚೂರು ಮುರದು ಬಾಯಾಗ ಹಾಕ್ಕೊಂಡ, ಅಗದ, ನುಂಗಿದ.
ಕ್ಯಾಮೆರಾ ಸುಳ್ಳು ಹೇಳೂದಿಲ್ಲ ಬಾಯಿ,
ನಂಬರು ಹೇಳತಾವ, ಅಂದ.
ಅರ್ಜಿ ಬರಿ. ಮೂರು ಪ್ರತಿ.
ಚಂದ್ರಭಾಗಾ ತೆಲಸಂಗ ಅಂತ ಮೂರು ಸಲ ಸಹಿ ಮಾಡಿದೆ.

ಅರ್ಜಿ ಎಲ್ಲೋ ಕುಂತ್ಕೊಂತು. ನನ್ನ ನಂಬರು ಕುಂದರಲಿಲ್ಲ.
ಸಾತಾರಾ. ಕರಾಡದಾಗ ಕೆಂಪು ಸಿಗ್ನಲ್ ಹಾರಿದ್ದು.
ಮಹಾಡದಾಗ ಹಿಂದಿನಾಕಿಗೆ ಹೆಲ್ಮೆಟ್ ಇಲ್ಲ,
ಬಾಯಿ ತುಂಬ ನಗು ಐತಿ, ಅದಕ್ಕ ದಂಡ ಬ್ಯಾರೆ.
ಹರಿಹರೇಶ್ವರದಾಗ ನೋ ಪಾರ್ಕಿಂಗ್, ಐದುನೂರು,
ಗಾಲಿಗೆ ಉಸುಕು ಹತ್ತೇತಿ, ಹಿಂದ ಸಮುದ್ರ.
ಪುಣೆಕ್ಕ ಬಂದು ಹದಿನೆಂಟು ವರ್ಷ ಆತು,
ನಾ ಸಮುದ್ರ ಕಂಡಿಲ್ಲ.
ನನ್ನ ನಂಬರು ಕಂಡೈತಿ.

ಮೊದಲ ಬೈದೆ. ಏಳು ತಲಿಮಾರಿಗೆ ಮುಟ್ಟೂಹಂಗ
ತವರಮನಿ ಬೈಗುಳ ಹುಡುಕಿ ಹುಡುಕಿ ಬೈದೆ.
ಆಮ್ಯಾಲ ಒಂದಿನ ರೊಟ್ಟಿ ಬಡಿಯೂ ಮುಂದ
ಈ ವಾರ ಎಲ್ಲಿಗೆ ಹೋಗ್ಯಾರೋ ಅನ್ನಿಸಿತು.
ಮೊಬೈಲು ಟುಣ್ ಅಂದ್ರ ಹಿಟ್ಟಿನ ಕೈಲೇ ಓಡತಿದ್ದೆ.
ನಮ್ಮನಿಯಾಂವ ರಾತ್ರಿಪಾಳಿ ವಾಚ್‌ಮನ್,
ಅಂವ ಬಾಗಲಾ ಬಡಿಯೂದು, ನಾ ಗಾಡಿ ಚಾಲೂ ಮಾಡೂದು.
ಗಲ್ಲ ಹಚ್ಚಿ ಕುಂದರಾಕ ನಮ್ಮ ಗಾಡ್ಯಾಗ ಜಾಗಿಲ್ಲ,
ಅಲ್ಲಿ ಹಿಂಡಿ ಡಬ್ಬಿ ಐತಿ.

ದೀಪಾವಳಿ ಹಿಂದಿನ ವಾರ ಬಂದ ಫೋಟೋದಾಗ
ಅಂವ ಒಬ್ಬನ. ಹಿಂದಿನ ಸೀಟು ಖಾಲಿ.
ಸಿಗ್ನಲ್ ಗೆರಿ ದಾಟಿ, ಝೀಬ್ರಾ ಪಟ್ಟಿ ಮ್ಯಾಲ
ಒಂದು ಕಾಲು ನೆಲಕ್ಕ ಊರಿ ನಿಂತಾನ,
ಎತ್ತಾಗ ಹೋಗಬೇಕು ಅನ್ನೂದು ಮರತವರ ಹಂಗ.
ದಂಡ ಐದುನೂರು.
ಯಾಕೋ ಅವತ್ತು ಬೈಲಿಲ್ಲ.

ಅದ ಕಡೀದು.

ಸಂಕ್ರಮಣಕ್ಕ ಧುಮಾಳ ಫೋನ್ ಮಾಡಿದ:
ಎಲ್ಲಾ ಚಲನ್ ರದ್ದಾದವು ಬಾಯಿ,
ಬರ್ತಾ ಸಜ್ಜಿ ರೊಟ್ಟಿ ಹಾಕ್ಕೊಂಡು ಬಾ, ಎಳ್ಳಿಂದು.
ಅಂವ ಸಿಕ್ಕನೇನು ಸಾಹೇಬ್ರ?
ಯಾರು?
ಏನಿಲ್ಲ ಬಿಡ್ರಿ. ಎಷ್ಟು ತರಲಿ, ಇಪ್ಪತ್ತೋ ಮೂವತ್ತೋ?

ಮೊನ್ನೆ ಖಾಲಿ ಡಬ್ಬಿ ಹಾಕ್ಕೊಂಡು ಬರಾಗ
ಕ್ಯಾಮೆರಾ ಇರೂ ಕಂಬದ ಬುಡಕ
ಐವತ್ತೆರಡು ಮುಟ್ಟಿಸಿದೆ.
ಡಬ್ಬಿ ಗಡಗಡ ಅಂದವು, ಸೆರಗು ಬಿಚ್ಚಿ ಹಾರಿತು.
ಮನಿಗೆ ಬಂದು ಎರಡು ದಿನ ಕಾದೆ.
ಮೆಸೇಜು ಬರಲಿಲ್ಲ.
ಅಷ್ಟಕ್ಕೆಲ್ಲ ಅದು ಕಣ್ಣು ತೆರೆಯೂದಿಲ್ಲ ಕಾಕೂ,
ತೇಜಲ್ ಅಂದಳು.